ಬಿಜಲಿಯ ಒಣ ಊಟ

ಆನಂದೀಬಾಯಿಯವರ ಕೈಯಡುಗೆಯನ್ನು ಬೇಡವೆಂದವರು ನಲವತ್ತೊಂದು ವರ್ಷಗಳಲ್ಲಿ ಒಬ್ಬರೂ ಇರಲಿಲ್ಲ. ಮೊದಲ ಸಲ ಬೇಡವೆಂದದ್ದು ಒಂದು ನಾಯಿ. ಹಿತ್ತಲಿನ ಕಟ್ಟೆಯ ಮೇಲೆ ಸ್ಟೀಲಿನ ತಾಟಿನಲ್ಲಿ ಮೊಸರನ್ನ ಇಟ್ಟರೆ ಬಿಜಲಿ ಬಂದು ಮೂಸಿ, ಮುಖ ತಿರುಗಿಸಿ, ಉದ್ದ ಕಾಲುಗಳನ್ನು ಮಡಚಿಕೊಂಡು ಗೋಡೆಯ ಕಡೆ ಮಲಗಿಬಿಡುತ್ತಿತ್ತು. ಆನಂದೀಬಾಯಿಗೆ ಅದು ನಾಯಿಯ ಹಟ ಎನ್ನಿಸಲಿಲ್ಲ, ತಮಗಾದ ಅವಮಾನ ಎನ್ನಿಸಿತು.

"ಮೊನ್ನೆ ರೊಟ್ಟಿ-ಹಾಲು ಬ್ಯಾಡ, ನಿನ್ನೆ ಸಾರನ್ನ ಬ್ಯಾಡ, ಇವತ್ತ ಮೊಸರನ್ನ ಬ್ಯಾಡ. ಏನ್ ಬೇಕಂತ ಇಕೀಗೆ?" ಎಂದು ಸೊಸೆಯನ್ನು ಕೇಳಿದರು.

ಅನುಜಾ ಟಿಕೋಟಾದ ಶಾಲೆಗೆ ಹೊರಟ ಟೀಚರಮ್ಮ. ಎಂಟೂ ಕಾಲಿನ ಬಸ್ಸಿನ ಗಡಿಬಿಡಿಯಲ್ಲಿದ್ದಳು. "ಮುಧೋಳ ನಾಯಿ ಅತ್ತೀ, ಬ್ಯಾಟಿ ಆಡೋ ಜಾತಿ. ಅದಕ್ಕ ಮೊಸರನ್ನ ಹೆಂಗ ಸೇರಬೇಕು?"

"ಈ ಮನ್ಯಾಗ ಇರೂದಾದ್ರ ಈ ಮನಿ ಊಟ ಸೇರಬೇಕು. ನೀ ಬಂದ ಮ್ಯಾಲೆ ಬಳ್ಳೊಳ್ಳಿ ಬಿಡಲಿಲ್ಲೇನು?"

ಅನುಜಾ ಡಬ್ಬಿ ಎತ್ತಿಕೊಂಡು ಹೋದಳು. ಅವಳು ಟಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ವಾರಕ್ಕೆರಡು ಸಲ ಬೆಳ್ಳುಳ್ಳಿ ಚಟ್ನಿಯ ಜೊತೆ ಮಿರ್ಚಿ ತಿನ್ನುತ್ತಾಳೆಂಬುದು ಆನಂದೀಬಾಯಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ಮನೆ ನಡೆಸುವವರು ಕಲಿಯಲೇಬೇಕಾದ ವಿದ್ಯೆ. ಆದರೆ ಆ ವಿದ್ಯೆ ನಾಯಿಯ ವಿಷಯದಲ್ಲಿ ಕೆಲಸ ಮಾಡುತ್ತಿರಲಿಲ್ಲ. ತಾಟು ಕಣ್ಣೆದುರಿಗೇ ಇರುತ್ತಿತ್ತು, ತುಂಬಿದ್ದು ತುಂಬಿದಂತೆಯೇ.

ಬಿಜಲಿ ಈ ಮನೆಗೆ ಬಂದದ್ದು ಯುಗಾದಿಯ ಮರುವಾರ. ಹೋದ ವರ್ಷ ಆನಂದೀಬಾಯಿಯ ಯಜಮಾನರು ರಾಮಚಂದ್ರರಾಯರಿಗೆ ಎದೆಯ ಆಪರೇಶನ್ ಆಗಿತ್ತು. ತಹಶೀಲ್ದಾರ ಕಚೇರಿಯಲ್ಲಿ ಶಿರಸ್ತೇದಾರರಾಗಿ ಮೂವತ್ತು ವರ್ಷ ಬೇರೆಯವರನ್ನು ಓಡಾಡಿಸಿದ ಮನುಷ್ಯ, ತಾನು ನಡೆಯಬೇಕೆಂದು ಡಾಕ್ಟರು ಹೇಳಿದಾಗ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಟಿವಿಯ ಮುಂದೆ. ಮಾತೂ ಕಡಿಮೆಯಾಗಿತ್ತು. ಹೆಂಡತಿ ಬೇಡಿಕೊಂಡರು, ಜಗಳಾಡಿದರು, ಒಂದು ದಿನ ಟಿವಿಯ ವೈರನ್ನೇ ಕಿತ್ತರು. ಏನೂ ಆಗಲಿಲ್ಲ. ಕೊನೆಗೆ ಮಗ ಮಿಲಿಂದ ಬಬಲೇಶ್ವರದ ಒಬ್ಬ ರೈತನ ಹೊಲದಿಂದ ವರ್ಷ ತುಂಬಿದ ಈ ನಾಯಿಯನ್ನು ತಂದು ಹಗ್ಗವನ್ನು ಅಪ್ಪನ ಕೈಗೆ ಕೊಟ್ಟ. ಬಿಜಲಿ ಎಳೆಯಿತು, ರಾಯರು ಎದ್ದರು. ಒಂದು ತಿಂಗಳಿನೊಳಗೆ ಸೊಲ್ಲಾಪುರ ರಸ್ತೆಯ ಅಂಗಡಿಗಳವರೆಲ್ಲ "ರಾಯರು ಬಂದ್ರು, ಆರೂವರಿ ಆತು" ಎನ್ನುವಷ್ಟರ ಮಟ್ಟಿಗೆ ನಡೆಯತೊಡಗಿದರು. ಅದಕ್ಕೇ ಆನಂದೀಬಾಯಿ ತಮ್ಮ ಮಡಿಯ ಮನೆಯ ಹಿತ್ತಲಿನಲ್ಲಿ ನಾಯಿಯನ್ನು ಸಹಿಸಿದ್ದರು.

ಜ್ಯೇಷ್ಠದ ಕೊನೆಯ ವಾರ ರಾತ್ರಿ ಊಟಕ್ಕೆ ಕುಳಿತಾಗ ಮಿಲಿಂದ ಮಾತು ತೆಗೆದ. "ಇವತ್ತ ತೂಕ ಮಾಡಿಸಿದೆ. ಇಪ್ಪತ್ತೊಂದ ಕಿಲೋ ಇರಬೇಕು, ಹದಿನಾರ ಅದ. ಹಿಂಗಾದ್ರ ಉಳಿಯೂದಿಲ್ಲ. ವಾಪಸ್ ಬಬಲೇಶ್ವರಕ್ಕ ಬಿಟ್ಟ ಬರತೀನಿ. ಅಲ್ಲಿ ಅವರು ಹಾಕೂದು ಹಾಕತಾರ."

ರಾಯರು ತುತ್ತನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆದರು. ಹೋಗಿ ಟಿವಿ ಹಚ್ಚಿದರು. ಆ ಟಿವಿಯ ಸದ್ದು ಕೇಳಿ ಆನಂದೀಬಾಯಿ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟರು. ನಾಯಿ ಹೋದರೆ ಈ ಮನುಷ್ಯ ಮತ್ತೆ ಆ ಕುರ್ಚಿಗೆ ಅಂಟಿಕೊಳ್ಳುತ್ತಾನೆ, ಮತ್ತೆ ಏಳುವುದಿಲ್ಲ ಎಂಬುದು ಅವರಿಗೆ ಖಾತ್ರಿಯಿತ್ತು.

"ಏನ್ ಹಾಕಬೇಕಂತಿ ಅದಕ್ಕ? ಬಾಯಿ ಬಿಟ್ಟ ಹೇಳು" ಎಂದರು ಮಗನಿಗೆ.

ಮಿಲಿಂದ ಕಿಸೆಯಿಂದ ಮೊಬೈಲ್ ತೆಗೆದ. "ಗಾಳಿಗೆ ಒಣಗಿಸಿದ ಊಟ ಬರತದ ಅವ್ವಾ. ಬೇಯಿಸೂದಿಲ್ಲ, ಕುದಿಸೂದಿಲ್ಲ. ವಾಸನಿ ಇಲ್ಲ. ಸೌತಿಕಾಯಿ ಉಪ್ಪಿನ ಬಾಳಕದಂಗ ಒಣಾ ಇರತದ. ನಾಕ ತುಂಡು ಹಾಕಿದ್ರ ಆತು."

"ಯಾವುದನ್ನ ಒಣಗಿಸಿದ್ದು?"

ಮಿಲಿಂದ ಅನುಜಾಳ ಮುಖ ನೋಡಿದ. ಅನುಜಾ ಸಾರಿನ ಪಾತ್ರೆಯ ಮುಖ ನೋಡಿದಳು.

"ಮಾಂಸ ಅಂದ್ರ ಮಾಂಸನ" ಎಂದರು ಆನಂದೀಬಾಯಿ. "ಒಣಗಿದ್ರ ಬದನಿಕಾಯಿ ಆಗತದೇನು?"

ಅಷ್ಟರಲ್ಲಿ ಟಿವಿ ಬಂದ್ ಆಯಿತು. ರಾಯರು ಹಳೆಯ ಕ್ಯಾಲೆಂಡರಿನ ಹಾಳೆ, ಪೆನ್ನು ಹಿಡಿದುಕೊಂಡು ಬಂದು ಕುಳಿತರು. ಕಚೇರಿಯ ಬುದ್ಧಿ ಎಲ್ಲಿ ಹೋಗಬೇಕು! ನಡುವೆ ಗೀಟು ಹೊಡೆದು, "ಆತುರ ಬ್ಯಾಡ. ಒಳ್ಳೇದು, ಕೆಟ್ಟದ್ದು ಎರಡೂ ಕಡಿಂದು ಬರೀತೀನಿ. ಹೇಳ್ರಿ" ಎಂದರು.

"ಒಲಿಗೆ ಬರೂದಿಲ್ಲ, ಪಾತ್ರಿಗೆ ಬರೂದಿಲ್ಲ" ಎಂದಳು ಅನುಜಾ.

"ಊರಿಗೆ ಹೋದ್ರ ಕಟಿಗೊಂಡ ಹೋಗಬಹುದು. ನಾಯಿ ಹಲ್ಲೂ ಗಟ್ಟಿ ಆಗತಾವ" ಎಂದ ಮಿಲಿಂದ.

"ತುಟ್ಟಿ ಇರತದ, ಅದನ್ನ ಯಾರ ಹೇಳಬೇಕು?" ಎಂದರು ಆನಂದೀಬಾಯಿ. "ಒಣಾದ್ದ ತಿಂದ್ರ ನೀರಡಿಕಿ ಆಗತದ. ಹಸಿ ಗಾಳಿ ತಾಕಿದ್ರ ಬೂಸ್ಟ ಹಿಡೀತದ. ಸರಿಯಾಗಿ ಒಣಗಿರಲಿಲ್ಲಂದ್ರ ಒಳಗ ಕೊಳತಿರತದ, ಮ್ಯಾಲೆ ಕಾಣೂದಿಲ್ಲ. ಸಂಡಿಗಿ ಮಾಡಿದವರನ್ನ ಕೇಳ್ರಿ."

ರಾಯರು ಎಲ್ಲವನ್ನೂ ಬರೆದರು. ಬರೆದು ಮುಗಿಸಿ ನೋಡಿದರೆ ಕೆಟ್ಟದ್ದರ ಕಡೆಯೇ ಉದ್ದವಾಗಿತ್ತು. ಅದನ್ನೇ ನೋಡುತ್ತ ಕುಳಿತ ಗಂಡನ ಕುಗ್ಗಿದ ಹೆಗಲನ್ನು ಕಂಡು ಆನಂದೀಬಾಯಿ ಸೋತರು. "ಒಂದ ಸಲ ತರಿಸಿ ನೋಡ್ರಿ. ಆದ್ರ ನನ್ನ ಹೊಸ್ತಿಲ ದಾಟಬಾರದು. ಹಾಕಿದವರು ಕೈಕಾಲು ತೊಳಕೊಂಡ ಒಳಗ ಬರಬೇಕು. ಶ್ರಾವಣ ಹತ್ತೂದ್ರಾಗ ಆ ಡಬ್ಬಿ ನನ್ನ ಕಂಪೌಂಡ ಬಿಡಬೇಕು."

ಪೊಟ್ಟಣ ಬಂತು. ಅಂಗೈಯಗಲದ ಅದಕ್ಕೆ ಸಾವಿರದ ನೂರು ರೂಪಾಯಿ. ಬಿಜಲಿ ನಾಲ್ಕು ತುಂಡನ್ನು ನಾಲ್ಕು ಸಲಕ್ಕೆ ಕಟಕಟನೆ ಜಗಿದು ನುಂಗಿ, ತಾಟನ್ನು ನೆಕ್ಕಿ, ಆನಂದೀಬಾಯಿಯ ಸೀರೆಯ ನೆರಿಗೆಗೆ ಮೂಗು ತಿಕ್ಕಿತು. ಆರನೇ ದಿನಕ್ಕೆ ಪೊಟ್ಟಣ ಖಾಲಿ.

"ನಾಕ ಮಂದಿ ತಿನ್ನೋ ಕಾಯಿಪಲ್ಯ ಹದಿನೈದ ದಿನ ಬರತದ ಅಷ್ಟ ರೊಕ್ಕದಾಗ" ಎಂದರು ಆನಂದೀಬಾಯಿ.

ಅನುಜಾ ಇದೇ ಮಾತಿಗೆ ಕಾಯುತ್ತಿದ್ದವಳಂತೆ, "ನಮ್ಮ ಸಾಲ್ಯಾಗ ಜೀನತ ಟೀಚರ್ ಇದ್ದಾರಲ್ಲ, ಅವರ ಅತ್ತಿ ರೇಲ್ವೆ ಗೇಟಿನ ಆಚೆ ಇಬ್ರಾಹಿಂಪುರದಾಗ ಮಾಳಿಗಿ ಮ್ಯಾಲೆ ಒಣಗಸತಾರಂತ. ಅವರದ ಮಟನ್ ಅಂಗಡಿ ಅದ. ಬಕ್ರೀದಿಗೆ ವರ್ಷಾ ಒಣಗಸೋ ಕೈ. ಅದರ ಕಾಲುಭಾಗ ರೊಕ್ಕಕ್ಕ ಕೊಡತಾರ" ಎಂದಳು.

ಹೀಗೆ ಜೀನತಳ ಅತ್ತೆ ರಹಿಮಾಬಿಯ ನೀಲಿ ಡಬ್ಬಿ ಈ ಮನೆಯ ಹಿತ್ತಲಿಗೆ ಬಂತು. ತುಳಸಿಕಟ್ಟೆಯಿಂದ ದೂರ, ನೀರಿನ ಟಾಕಿಯ ಪಕ್ಕದ ಗೂಡಿನಲ್ಲಿ ಅದರ ಜಾಗ. ಪ್ರತಿ ರವಿವಾರ ಅನುಜಾ ಖಾಲಿ ಡಬ್ಬಿ ಒಯ್ದು ತುಂಬಿದ ಡಬ್ಬಿ ತರುವಳು. ಬೆಳಿಗ್ಗೆ, ಸಂಜೆ ರಾಯರೇ ಹಾಕುವರು, ಕೈಕಾಲು ತೊಳೆಯುವರು, ಒಳಗೆ ಬರುವರು. ಆನಂದೀಬಾಯಿ ಕಿಟಕಿಯಿಂದ ನೋಡುವರು. ಮೂರು ವಾರದಲ್ಲಿ ಬಿಜಲಿಯ ಮೈಗೆ ಎಣ್ಣೆ ಹಚ್ಚಿದಂಥ ಹೊಳಪು ಬಂತು, ಬೆನ್ನಿನ ಎಲುಬು ಮುಚ್ಚಿತು. ರಾಯರು ಈಗ ರೇಲ್ವೆ ಗೇಟಿನವರೆಗೆ ಹೋಗಿ ಬರುತ್ತಿದ್ದರು. ಬಂದವರೇ "ಹಸಿವಿ ಆಗ್ಯದ, ಇನ್ನೊಂದ ರೊಟ್ಟಿ ಹಾಕು" ಎಂದಾಗ ಆನಂದೀಬಾಯಿಗೆ ಹಬ್ಬವೇ ಆದಂತಾಗುತ್ತಿತ್ತು.

ಆ ಸಂತೋಷದಲ್ಲಿ ಇದ್ದಾಗಲೇ ಒಂದು ಬುಧವಾರ ಬಿಜಲಿ ವಾಂತಿ ಮಾಡಿಕೊಂಡಿತು. ಗುರುವಾರ ಎರಡು ಸಲ. ಶುಕ್ರವಾರ ನಡೆಯಲು ಹಗ್ಗ ತೋರಿಸಿದರೂ ಏಳಲಿಲ್ಲ. ಮಿಲಿಂದ ಅದನ್ನು ಎತ್ತಿಕೊಂಡು ದನದ ಡಾಕ್ಟರ ಹತ್ತಿರ ಹೋಗಿ ಬಂದ. "ಏನ್ ಹಾಕತೀರಿ ಅಂತ ಕೇಳಿದ್ರು. ಆ ಒಣಾದ್ದು ಬಿಟ್ರ ಬ್ಯಾರೆ ಏನೂ ಇಲ್ಲಂದೆ. ಹಂಗಾರ ಅದ ಕೆಟ್ಟಿರಬೇಕು, ನಿಲ್ಲಸ್ರಿ ಅಂದ್ರು."

ಆನಂದೀಬಾಯಿ ಸೊಸೆಯ ಕಡೆ ತಿರುಗಿದರು. "ನಾ ಅವತ್ತ ಹೇಳಿದ್ದೆ, ಒಳಗ ಕೊಳತಿರತದ ಅಂತ. ಪೊಟ್ಟಣದ್ದು ತುಟ್ಟಿ ಆತಂತ ಯಾರದರೆ ಮಾಳಿಗಿ ಮ್ಯಾಲಿಂದು ತಂದಿ."

"ಯಾರದರೆ ಅನಬ್ಯಾಡ್ರಿ ಅತ್ತೀ. ನಾ ಕಣ್ಣಾರೆ ನೋಡೀನಿ, ಎಷ್ಟ ಸ್ವಚ್ಛ ಮಾಡತಾರ ಅವರು!"

"ಸ್ವಚ್ಛ ಇದ್ರ ಇದು ಯಾಕ ಹಿಂಗ ಬಿದ್ದದ?"

ಅನುಜಾ ಅಳುತ್ತ ಒಳಗೆ ಹೋದಳು. ಶನಿವಾರ ಬಸ್ಸಿನಲ್ಲಿ ಜೀನತಳ ಪಕ್ಕ ಕುಳಿತೂ ಏನೂ ಹೇಳಲಾರದೆ ಬಂದಳಂತೆ. ಡಬ್ಬಿ ನಿಂತು ಎರಡು ದಿನವಾದರೂ ನಾಯಿ ಸುಧಾರಿಸಲಿಲ್ಲ. ರಾಯರು ಮಾತ್ರ ಹಿತ್ತಲಿನಲ್ಲೇ, ಅದರ ಪಕ್ಕ ಗೋಣಿಚೀಲ ಹಾಸಿಕೊಂಡು ಕುಳಿತಿರುತ್ತಿದ್ದರು.

ರವಿವಾರ ಬೆಳಿಗ್ಗೆ ಆನಂದೀಬಾಯಿ ಸೀರೆ ಬದಲಿಸಿದರು. "ನಡಿ, ಇಬ್ರಾಹಿಂಪುರಕ್ಕ. ಎದುರಿಗೇ ಕೇಳಿ ಬರತೀನಿ."

"ಅತ್ತೀ, ಜಗಳಾ ಮಾಡಬ್ಯಾಡ್ರಿ."

"ಮಾಡೂದಾದ್ರ ಮಾಡತೀನಿ. ನಡಿ."

ಆಟೋ ಇಳಿದು, ಜೀನತ ತೋರಿಸಿದ ಮೆಟ್ಟಿಲು ಹತ್ತಿ, ಮಾಳಿಗೆಯ ಬಾಗಿಲಲ್ಲಿ ಆನಂದೀಬಾಯಿ ಸೆರಗನ್ನು ಮೂಗಿಗೆ ಹಿಡಿದು ನಿಂತರು. ಎದುರಿಗೆ ನಾಲ್ಕು ಸಾಲು ಹಗ್ಗ, ಅದರ ಮೇಲೆ ಬಿಳಿ ತೆಳು ಬಟ್ಟೆ, ಬಟ್ಟೆಯ ಕೆಳಗೆ ಒಂದೇ ಅಳತೆಯ ಕಡುಗೆಂಪು ಪಟ್ಟಿಗಳು. ಆಷಾಢದ ಗಾಳಿ ಜೋರಾಗಿ ಬೀಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರಿಗೆ ತಾವು ಮೂಗು ಮುಚ್ಚಿಕೊಂಡದ್ದು ಸುಮ್ಮನೆ ಎಂದು ತಿಳಿಯಿತು. ವಾಸನೆಯೇ ಇರಲಿಲ್ಲ.

ರಹಿಮಾಬಿ ಇವರದೇ ವಯಸ್ಸಿನ ಹೆಂಗಸು, ಮೊಣಕಾಲು ಹಿಡಿದುಕೊಂಡು ಎದ್ದರು. "ಬರ್ರಿ ಆನಂದೀಬಾಯಾರ, ಕುಂದರ್ರಿ. ನಮ್ಮ ಮನ್ಯಾಗ ಚಾ ಕುಡೀತೀರೋ ಇಲ್ಲೋ ನನಗ ಗೊತ್ತಿಲ್ಲ. ಏ ಜೀನತ, ಬಾಳಿಹಣ್ಣ ತಾ ಬೇ. ಸಿಪ್ಪಿ ನೀವ ಸುಲಕೋರಿ."

ಜಗಳಕ್ಕೆ ತಂದ ಮೊದಲ ಮಾತನ್ನು ಆನಂದೀಬಾಯಿ ಬದಿಗಿಟ್ಟರು. ಎರಡನೆಯದನ್ನು ಹೇಳಿದರು. "ನಿಮ್ಮ ಡಬ್ಬಿದು ತಿಂದು ನಮ್ಮ ನಾಯಿ ವಾಂತಿ ಮಾಡಲಿಕತ್ತದ. ಐದ ದಿನ ಆತು."

ರಹಿಮಾಬಿ ಹಗ್ಗದ ಕಡೆ ತಿರುಗಿ ನೋಡಿದರು. "ಯಾ ಅಲ್ಲಾ! ಬಾಯಾರ, ನಮ್ಮಲ್ಲಿ ನಾಯಿ ಮನಿಯೊಳಗ ಬಿಟಗೊಳ್ಳಂಗಿಲ್ಲ. ಆದ್ರ ಹಸದ ಜೀವಕ್ಕ ಹಾಕೂದು ಸವಾಬಿನ, ಪುಣ್ಯದ ಕೆಲಸ ಅಂತ ತಿಳಕೊಂಡ ಮಾಡಾಕತ್ತೇನಿ. ನನ್ನ ಕೈಯಿಂದ ಯಾವ ಜೀವಕ್ಕೂ ಹಿಂಗ ಆಗಿಲ್ರಿ."

"ಉಪ್ಪು?"

"ಬಕ್ರೀದಿಗೆ ನಾವು ತಿನ್ನೂದಕ್ಕ ಉಪ್ಪು ಅರಿಷಿಣ ಹಚ್ಚತೇವಿ. ನಾಯಿದಕ್ಕ ಏನೂ ಇಲ್ರಿ. ಕೊಬ್ಬ ತಗದು, ಒಂದ ಕುದಿ ಕುದಿಸಿ, ತೆಳ್ಳಗ ಕೊಯ್ದು ಹಾಕೂದಷ್ಟ."

"ಬಿಸಲಾಗೋ, ನೆರಳಾಗೋ?"

"ಬಿಸಲಾಗ ಹಾಕಿದ್ರ ಮ್ಯಾಲೆ ಬಿರಸ ಆಗಿ ಒಳಗ ಹಸಿ ಉಳೀತೈತಿ. ಮೊದಲ ದಿನ ನೆರಳು-ಗಾಳಿ, ಆಮ್ಯಾಲೆ ಬಿಸಲು."

ಕುಂಬಳಕಾಯಿ ಸಂಡಿಗೆಗೆ ಆನಂದೀಬಾಯಿಗೆ ಅವರ ಅವ್ವ ಹೇಳಿಕೊಟ್ಟದ್ದು ಇದನ್ನೇ. ಅನುಜಾ ತಂದು ಇಟ್ಟಿದ್ದ ಹೋದ ವಾರದ ಡಬ್ಬಿಯನ್ನು ತೋರಿಸಿ, "ಇದರಾಗಿಂದು ಒಂದ ಮುರೀರಿ" ಎಂದರು.

"ನೀವ ನೋಡ್ರಲಾ."

"ನಾ ಕೈ ಹಚ್ಚೂದಿಲ್ಲ. ನೀವು ಮುರೀರಿ, ನಾ ಕೇಳತೀನಿ."

ರಹಿಮಾಬಿ ಡಬ್ಬಿ ತೆರೆದು ಒಂದು ಪಟ್ಟಿ ತೆಗೆದರು. ಆನಂದೀಬಾಯಿ ಕಣ್ಣು ಮುಚ್ಚಿದರು. ಮಾಂಸದ ಪಟ್ಟಿ ಕಿವಿಯಿಂದ ಮೊಳದಷ್ಟು ದೂರದಲ್ಲಿ ಲಟ್ ಎಂದು ಮುರಿಯಿತು.

"ತುದಿ ಎಲ್ಲಾರದೂ ಒಣಗತದ. ನಡುವಿಂದ ಮುರೀರಿ."

ಲಟ್.

"ಎಲ್ಲಾಕಿಂತ ದಪ್ಪಂದು ಹುಡುಕ್ರಿ. ಡಬ್ಬಿ ತಳದಾಗಿಂದು."

ರಹಿಮಾಬಿ ಕೈಯಿಂದ ತಡಕಿ ತಳದಿಂದ ಒಂದನ್ನು ತೆಗೆದರು. ಜೀನತ, ಅನುಜಾ ಇಬ್ಬರೂ ಹತ್ತಿರ ಬಗ್ಗಿದರು. ಲಟ್ ಎಂದಿತು, ಚೂರು ಸಿಡಿದು ನೆಲಕ್ಕೆ ಬಿತ್ತು.

ಆನಂದೀಬಾಯಿ ಕಣ್ಣು ತೆರೆದರು. ಒಳಗೆ ಹಸಿಯಿದ್ದರೆ ಸಂಡಿಗೆ ಬಾಗುತ್ತದೆ, ಮುರಿದರೂ ಸದ್ದು ಮಂದವಾಗಿರುತ್ತದೆ. ಈ ಸದ್ದು ಅವರಿಗೆ ಗೊತ್ತು, ನಲವತ್ತೊಂದು ಬೇಸಿಗೆಗಳಿಂದ ಗೊತ್ತು. ಸುಳ್ಳು ಹೇಳಿ ಜಗಳ ಗೆಲ್ಲುವುದು ಅವರ ಜಾಯಮಾನದಲ್ಲಿರಲಿಲ್ಲ.

"ಇದರಾಗ ತಪ್ಪಿಲ್ಲ ರಹಿಮಾಬಿ" ಎಂದರು. "ನನ್ನ ಸಂಡಿಗಿನೂ ಇಷ್ಟ ಒಣಗೂದಿಲ್ಲ. ಹಂಗಾರ ತಪ್ಪು ನನ್ನ ಮನ್ಯಾಗ ಅದ."

ಒಂದು ಬಾಳೆಹಣ್ಣು ಸುಲಿದು ತಿಂದರು. ಸಿಪ್ಪೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದರು.

ಆಟೋದಲ್ಲಿ ಬರುವಾಗ ಮನಸ್ಸಿನಲ್ಲೇ ಹುಡುಕುತ್ತ ಬಂದರು: ನೀರು? ಅದೇ ನಲ್ಲಿ. ತಾಟು? ತಾವೇ ನಿಂತು ತೊಳೆಸುತ್ತಾರೆ. ಮನೆಗೆ ಬಂದವರು ಚಪ್ಪಲಿ ಬಿಡದೆ ನೇರ ಹಿತ್ತಲಿಗೆ ನಡೆದರು. ರಾಯರು ಬಿಜಲಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟಲಿನಿಂದ ಏನನ್ನೋ ಅದರ ಬಾಯಿಗಿಡುತ್ತಿದ್ದರು. "ತಿನ್ನ ಮಗಾ, ತಾಕತ್ತ ಬರತದ. ಎರಡ ತಿನ್ನು."

"ಏನದು?"

ರಾಯರು ಬೆಚ್ಚಿದರು. "ಒಣದ್ರಾಕ್ಷಿ. ನೀರಾಗ ನೆನಸೀನಿ. ಡಬ್ಬಿದಂತೂ ನಿಲ್ಲಿಸೀರಿ, ಹೊಟ್ಟಿಗೆ ಏನರೆ ಬೇಕಲ್ಲ ಅದಕ್ಕ?"

"ಎಂದಿಂದ ಕೊಡಲಿಕತ್ತೀರಿ?"

"ಹೊನವಾಡದ ನಮ್ಮ ಬಳಗದವರು ಚೀಲ ಕಳಿಸಿದಾಗಿಂದ. ಎಂಟ ದಿನ ಆತೇನೋ. ನಾ ರೇಲ್ವೆ ಗೇಟಿನ ಕಟ್ಟಿ ಮ್ಯಾಲೆ ಕೂತಾಗ ಕಿಸೆದಾಗಿಂದು ನನಗೊಂದು, ಅದಕ್ಕೊಂದು ಅಂತ ತಿಂತಿದ್ವಿ. ಯಾಕ?"

ಹೊನವಾಡ, ಟಿಕೋಟಾದ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಲ್ಲದ ಹೊಲ ಕಡಿಮೆ, ಒಣದ್ರಾಕ್ಷಿಯ ಚೀಲ ಇಲ್ಲದ ಮನೆಯೂ ಕಡಿಮೆ. ಬಾಣಂತಿಗೆ ಕೊಡುವುದು ಅದನ್ನೇ, ಪರೀಕ್ಷೆಗೆ ಹೋಗುವ ಮಗುವಿನ ಕೈಗೆ ಹಾಕುವುದೂ ಅದನ್ನೇ. ಅದು ಯಾರಿಗಾದರೂ ಕೆಡುಕು ಮಾಡೀತೆಂದು ಈ ಸೀಮೆಯಲ್ಲಿ ಯಾರೂ ಅನುಮಾನ ಪಡುವುದಿಲ್ಲ. ಆನಂದೀಬಾಯಿಗೂ ಗೊತ್ತಿರಲಿಲ್ಲ. ಆದರೆ ಎಂಟು ದಿನವೆಂಬ ಲೆಕ್ಕ ಅವರಿಗೆ ತಟ್ಟನೆ ತಾಳೆಯಾಯಿತು.

"ಮಿಲಿಂದಾ!" ಎಂದು ಕೂಗಿದರು. "ಡಾಕ್ಟರಿಗೆ ಎಲ್ಲಾ ಹೇಳಿದೆನಂದಿ. ಇದನ್ನ ಹೇಳಿದ್ದೇನು? ಈಗ ಫೋನ್ ಹಚ್ಚು."

ಮಿಲಿಂದ ಫೋನ್ ಹಚ್ಚಿದ. ಎರಡು ಮಾತು ಕೇಳುತ್ತಲೇ ಬಟ್ಟಲಿನ ಕಡೆ ಕೈ ಮಾಡಿದ. "ದ್ರಾಕ್ಷಿ ನಾಯಿಗೆ ವಿಷ ಅಂತ ಅವ್ವಾ! ಹಸೀದೂ ಅಷ್ಟ, ಒಣಾದ್ದೂ ಅಷ್ಟ. ಕಿಡ್ನಿಗೆ ಹತ್ತತದಂತ. ಈಗಿಂದೀಗ ಕರಕೊಂಡ ಬರ್ರಿ ಅಂದ್ರು."

ರಾಯರು ಬಟ್ಟಲನ್ನು ದೂರ ತಳ್ಳಿದರು. "ನಾನ... ನನ್ನ ಕೈಯಾರೆ ಹಾಕಿದೆ" ಎಂದರು. ಆಪರೇಶನ್ನಿನ ದಿನವೂ ಅಳದ ಮನುಷ್ಯ ಹಿತ್ತಲಿನ ನೆಲದ ಮೇಲೆ ಕುಳಿತು ಅತ್ತುಬಿಟ್ಟರು.

ಆನಂದೀಬಾಯಿ ಹತ್ತಿರ ಹೋಗಿ ಅವರ ಭುಜ ಹಿಡಿದೆತ್ತಿದರು. "ಅಳೂದ ಆಮ್ಯಾಲೆ. ನೀವು ಪ್ರೀತೀಲೆ ಹಾಕೀರಿ, ಗೊತ್ತಿಲ್ಲದ ಹಾಕೀರಿ. ಈಗ ಅದನ್ನ ಎತ್ತಕೋರಿ, ನಡೀರಿ." ರಾಯರು ತಡವರಿಸಿದಾಗ, ಯಾರೂ ಎಣಿಸಿರಲಿಲ್ಲ, ಆನಂದೀಬಾಯಿಯೇ ಬಗ್ಗಿ ನಾಯಿಯ ಹಿಂಗಾಲುಗಳ ಕೆಳಗೆ ಕೈ ಕೊಟ್ಟು ಎತ್ತಿದರು.

ನಾಲ್ಕು ದಿನ ಸಲೈನು ನಡೆಯಿತು. ರಕ್ತ ತಪಾಸಣೆ ಎರಡು ಸಲ ಆಯಿತು. ರಾಯರು ದಿನಾ ಬೆಳಿಗ್ಗೆ ದವಾಖಾನೆಗೆ ನಡೆದೇ ಹೋಗಿ ಅದರ ಪಕ್ಕ ಕುಳಿತರು. ಐದನೆಯ ದಿನ ಡಾಕ್ಟರು ಕಾಗದ ನೋಡಿ, "ಉಳೀತು ಬಿಡ್ರಿ ರಾಯರ. ಇನ್ನೆರಡ ದಿನ ತಡಾ ಆಗಿದ್ರ ಕಷ್ಟಿತ್ತು" ಎಂದರು. ಸುದ್ದಿ ತಂದ ಮಿಲಿಂದನಿಗೆ ಆನಂದೀಬಾಯಿ ಸಜ್ಜಕದ ಹೋಳಿಗೆ ಬಡಿಸಿದರು. ಅನುಜಾಳ ತಾಟಿಗೆ ಕೇಳದೆಯೇ ಎರಡು ಬಿದ್ದವು, ಮೇಲೆ ತುಪ್ಪ.

"ಮೊದಲ ರಹಿಮಾಬಿಗೆ ಫೋನ್ ಹಚ್ಚಿ ಕೊಡು" ಎಂದರು ಸೊಸೆಗೆ.

ಅನುಜಾ ಹಚ್ಚಿಕೊಟ್ಟಳು. ಆನಂದೀಬಾಯಿ ಎದ್ದು ನಿಂತೇ ಮಾತಾಡಿದರು. "ರಹಿಮಾಬಿ, ನಾ ಆನಂದೀಬಾಯಿ. ನಿಮ್ಮ ಮ್ಯಾಲೆ ತಪ್ಪು ಹೊರಿಸಿ ಮನೀತನಕ ಬಂದಿದ್ದೆ. ತಪ್ಪು ನಮ್ಮದ ಇತ್ತು. ನಾಯಿ ಉಳೀತು. ಮನಸಿನ್ಯಾಗ ಇಟಗೋಬ್ಯಾಡ್ರಿ."

ಆ ಕಡೆ ರಹಿಮಾಬಿ ನಕ್ಕರು. "ಬಾಯಾರ, ಅವತ್ತ ನೀವು ಕೇಳಿ ಖರೇ ಹೇಳಿದ್ರಿ. ಅಷ್ಟ ಸಾಕ್ರಿ ನನಗ. ಈಗ ಡಬ್ಬಿ ಕೇಳಾಕ ಇನ್ನ ಹತ್ತ ಮನಿಯವರು ಬರಾಕತ್ತಾರ. ನನಗ ಒಂದ ಕೆಲಸ ಮಾಡಕೊಡ್ರಿ. ಮಳಿ ಗಾಳಿ ಹಸಿ ಐತಿ, ನನ್ನ ಕಿವಿ ಈಗ ಮಂದ. ಒಣಗೇತೋ ಇಲ್ಲೋ ನೀವ ಹೇಳಬೇಕು."

ಶ್ರಾವಣ ಹತ್ತಿತು. ನೀಲಿ ಡಬ್ಬಿ ಕಂಪೌಂಡು ಬಿಡಲಿಲ್ಲ. ಮಿಲಿಂದ ಒಮ್ಮೆ ನೆನಪಿಸಲು ಹೋದಾಗ, "ಅದು ಟಾಕಿ ಹತ್ತರ ಅದ, ನನ್ನ ದೇವರ ಮನಿ ಒಳಗ ಅದ. ಇಬ್ಬರಿಗೂ ತಂಟಿ ಇಲ್ಲ" ಎಂದು ಬಾಯಿ ಮುಚ್ಚಿಸಿದರು. ರಾಯರ ಕ್ಯಾಲೆಂಡರ ಹಾಳೆಯಲ್ಲಿ ಕೆಟ್ಟದ್ದರ ಕಡೆ ಬರೆದದ್ದೆಲ್ಲ ಹಾಗೆಯೇ ಇತ್ತು, ಯಾವುದೂ ಸುಳ್ಳಾಗಿರಲಿಲ್ಲ. ನೀರಿನ ಬೋಗುಣಿ ದಿನಕ್ಕೆ ಮೂರು ಸಲ ತುಂಬಬೇಕಾಗುತ್ತಿತ್ತು. ಒಳ್ಳೆಯದರ ಕಡೆ ಮಾತ್ರ ರಾಯರು ಕೆಂಪು ಪೆನ್ನಿನಿಂದ ಒಂದು ಸಾಲು ಸೇರಿಸಿದ್ದರು: ಬಿಜಲಿ, ಇಪ್ಪತ್ತೊಂದೂವರೆ ಕಿಲೋ. ಒಣದ್ರಾಕ್ಷಿಯ ಚೀಲ ಅಡುಗೆಮನೆಯ ಅಟ್ಟ ಸೇರಿ ಬೀಗ ಹಾಕಿಸಿಕೊಂಡಿತ್ತು.

ಮೊದಲ ಶ್ರಾವಣ ಸೋಮವಾರ ಆನಂದೀಬಾಯಿ ಪೂಜೆ ಮುಗಿಸಿ ಕುಂಕುಮದ ಕೈಯಲ್ಲಿ ಹೊರಗೆ ಬಂದಾಗ ಫೋನ್ ರಿಂಗಾಯಿತು. ಸ್ಪೀಕರ್ ಹಚ್ಚಿ ಕಟ್ಟೆಯ ಮೇಲಿಟ್ಟರು.

"ಬಾಯಾರ, ಕೇಳ್ರಿ" ಎಂದರು ರಹಿಮಾಬಿ.

ಮಂದವಾಗಿ ಏನೋ ಬಾಗಿದ ಸದ್ದು. "ಇದನ್ನ ಇನ್ನೊಂದ ದಿನಾ ಬಿಡ್ರಿ" ಎಂದರು ಆನಂದೀಬಾಯಿ. "ಅದಕ್ಕಿಂತ ಮೊದಲ ಹಾಕಿದ್ದು ಮುರೀರಿ."

ಲಟ್.

ಹಿತ್ತಲಿನಲ್ಲಿ ಬಿಜಲಿ ಚಂಗನೆ ಎದ್ದು, ಎರಡೂ ಕಿವಿ ನಿಮಿರಿಸಿ, ಕಟ್ಟೆಯ ಮೇಲಿನ ಫೋನಿನ ಕಡೆ ಓಡಿ ಬಂತು. ರಾಯರು ಆಗಲೇ ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಹುಡುಕುತ್ತಿದ್ದರು.

"ಪಾಸ್!" ಎಂದರು ಆನಂದೀಬಾಯಿ, ಅಕ್ಕಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ. "ಡಬ್ಬಿ ಕಟ್ಟಿಡ್ರಿ."

"ಜೀನತನ ಕೈಯಾಗ ಬಸ್ಸಿನ್ಯಾಗ ಕೊಟ್ಟ ಕಳಸಲೇನ್ರಿ?"

"ಬ್ಯಾಡ್ರಿ" ಎಂದರು ಆನಂದೀಬಾಯಿ. "ನಮ್ಮನಿಯವರು ಇಬ್ರಾಹಿಂಪುರಕ್ಕ ನಡಕೋತ ಬರಲಿಕತ್ತಾರ."